ಪುಟ್ಟಿಯ ನೀಲಿ ಪುಸ್ತಕ

ಬ್ಯಾಂಕಿನ ಕೌಂಟರಿನ ಒಳಗೆ ಕೂತು ಮೂವತ್ತೆಂಟು ವರ್ಷ ನಾನು ಜನರ ಅರ್ಜಿಗಳನ್ನು ವಾಪಸು ಮಾಡಿದವನು. ‘ಇಲ್ಲಿ ಸಹಿ ಇಲ್ಲ’, ‘ತಾರೀಕು ತಪ್ಪಾಗಿದೆ’, ‘ಅಂಕಿಯಲ್ಲಿ ಬರೆದ ಮೊತ್ತಕ್ಕೂ ಅಕ್ಷರದಲ್ಲಿ ಬರೆದ ಮೊತ್ತಕ್ಕೂ ತಾಳೆ ಆಗ್ತಿಲ್ಲ’ ಎಂದು ಹೇಳಿ ಹೇಳಿ ನಾಲಿಗೆ ಸವೆದಿತ್ತು. ದೂರದ ಹಳ್ಳಿಯಿಂದ ಬಸ್ಸು ಹತ್ತಿ ಬಂದವರು ಪೆಚ್ಚುಮೋರೆ ಹಾಕಿಕೊಂಡು ಹೊರಡುತ್ತಿದ್ದರು. ನಿಯಮ ಅಂದರೆ ನಿಯಮ ಎಂದುಕೊಂಡು ನಾನು ಮುಂದಿನವರನ್ನು ಕರೆಯುತ್ತಿದ್ದೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಂದು ಸಣ್ಣ ಊರಿನ ಅಂಚೆ ಕಚೇರಿಯಲ್ಲಿ ನಾನೇ ಬರೆದ ಅರ್ಜಿ ವಾಪಸು ಬಂತು. ಕೌಂಟರಿನ ಈಚೆ ನಿಲ್ಲುವುದು ಹೇಗಿರುತ್ತದೆ ಎಂದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಊರಿನ ಹೆಸರು ಕೊಲಂಬಸ್. ಓಹಿಯೋ ರಾಜ್ಯದ ರಾಜಧಾನಿ ಕೊಲಂಬಸ್ ಬೇರೆ, ಇದು ಬೇರೆ. ಇದು ಇಂಡಿಯಾನಾ ರಾಜ್ಯದ್ದು. ಅಲ್ಲಿನ ರಾಜಧಾನಿ ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ ಸುಮಾರು 45 ಮೈಲಿ. ಜನಸಂಖ್ಯೆ 50 ಸಾವಿರದ ಆಸುಪಾಸು. ಹೆಚ್ಚುಕಡಿಮೆ ನಮ್ಮ ತಿಪಟೂರಿನಷ್ಟು ಅನ್ನಿ. ತಿಪಟೂರಿನ ಸುತ್ತ ತೆಂಗಿನ ತೋಟ, ಇಲ್ಲಿ ಸುತ್ತಲೂ ಕಣ್ಣು ಹಾಯುವಷ್ಟು ಮುಸುಕಿನ ಜೋಳ ಮತ್ತು ಸೋಯಾ. ನಮ್ಮ ಕಡೆಯ ಜನರೇಟರುಗಳ ಮೇಲೆ ‘ಕಮಿನ್ಸ್’ ಎಂಬ ಹೆಸರನ್ನು ನೀವು ನೋಡಿರಬಹುದು. ಆ ಡೀಸೆಲ್ ಎಂಜಿನ್ ಕಂಪನಿ 1919ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಹಾಗಾಗಿ ಎಂಜಿನಿಯರಿಂಗ್ ಓದಿ ಬಂದ ಭಾರತೀಯರ ಸಂಸಾರಗಳು ಇಲ್ಲಿ ಸಾಕಷ್ಟಿವೆ. ನನ್ನ ಮಗನ ಸಂಸಾರವೂ ಅವುಗಳಲ್ಲೊಂದು. ಮೊಮ್ಮಗಳು ಪುಟ್ಟಿ ಹುಟ್ಟಿದ್ದೂ ಇಲ್ಲೇ. ಈಗ ಅವಳಿಗೆ ಎಂಟು ವರ್ಷ.

ನಾನೂ ನಮ್ಮ ಮನೆಯಾಕೆಯೂ ಜೂನ್‌ನಲ್ಲಿ ಅಲ್ಲಿಗೆ ಹೋಗಿದ್ದೆವು. ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ತಿಪಟೂರಿನಿಂದ ತಮ್ಮನ ಫೋನ್ ಬಂತು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ತೊಡೆಯ ಮೂಳೆ ಮುರಿದಿದೆ. ಅಮ್ಮನಿಗೆ ತೊಂಬತ್ತಮೂರು. ಶಸ್ತ್ರಚಿಕಿತ್ಸೆ ಆಯಿತು, ಜೀವಕ್ಕೆ ಅಪಾಯವಿಲ್ಲ ಅಂದರು. ಆದರೆ ಆ ವಯಸ್ಸಿನಲ್ಲಿ ಅಂಥ ಮಾತಿಗೆ ಎಷ್ಟು ಬೆಲೆ ಎಂದು ಎಲ್ಲರಿಗೂ ಗೊತ್ತು. ಮಾರನೆಯ ವಾರ ವಿಡಿಯೋದಲ್ಲಿ ಅಮ್ಮ ಮಾತಾಡಿದರು. ದನಿ ಸಣ್ಣಗಾಗಿತ್ತು.

“ಮಗೂನ ಒಂದ್ಸಲ ಕರ್ಕೊಂಡ್ ಬಾರೋ. ಈ ಗಾಜಿನೊಳಗೆ ನೋಡಿ ನೋಡಿ ಸಾಕಾಯ್ತು. ಕೆನ್ನೆ ಮುಟ್ಟೋಕಾಗಲ್ಲ.”

ಪುಟ್ಟಿ ತಿಪಟೂರಿಗೆ ಬಂದಿದ್ದು ಒಂದೇ ಸಲ, 2019ರಲ್ಲಿ, ಮೂರು ವರ್ಷದವಳಿದ್ದಾಗ. ಆಮೇಲೆ ಕೊರೋನಾ ಬಂತು, ಆಮೇಲೆ ಅದೂ ಇದೂ. ಅಕ್ಟೋಬರಿನಲ್ಲಿ ಅವಳ ಶಾಲೆಗೆ ರಜೆಯಿತ್ತು, ನಮಗೆ ದಸರಾ. ಅಕ್ಟೋಬರ್ 5ರ ಶನಿವಾರ ಎಲ್ಲರೂ ಒಟ್ಟಿಗೆ ಹೊರಡುವುದೆಂದು ಒಂದೇ ರಾತ್ರಿಯಲ್ಲಿ ತೀರ್ಮಾನವಾಯಿತು. ಟಿಕೆಟ್ ಕಾದಿರಿಸಲು ಸೊಸೆ ಎಲ್ಲರ ಪಾಸ್‌ಪೋರ್ಟ್‌ಗಳನ್ನು ಮೇಜಿನ ಮೇಲೆ ಹರಡಿದಳು. ಪುಟ್ಟಿಯದನ್ನು ಬಿಡಿಸಿದವಳು ಹಾಗೇ ಕೂತುಬಿಟ್ಟಳು.

“ಮಾವ, ಇದು ಮೇನಲ್ಲೇ ಮುಗಿದುಹೋಗಿದೆ.”

ಅಮೆರಿಕದಲ್ಲಿ ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷ ನಡೆಯುತ್ತದೆ. ಹದಿನಾರು ವರ್ಷದೊಳಗಿನ ಮಕ್ಕಳದು ಐದೇ ವರ್ಷ. ಮಕ್ಕಳ ಮುಖ ಬೇಗ ಬದಲಾಗುತ್ತದಲ್ಲ, ಅದಕ್ಕೆ. ನಮ್ಮ ದೇಶದಲ್ಲೂ ಮಕ್ಕಳ ಪಾಸ್‌ಪೋರ್ಟ್‌ಗೆ ಐದೇ ವರ್ಷ. ಇದು ಗೊತ್ತಿದ್ದೂ ನಮಗೆ ಯಾರಿಗೂ ಹೊಳೆದಿರಲಿಲ್ಲ. ಇನ್ನೊಂದು ತೊಡಕೆಂದರೆ, ದೊಡ್ಡವರಾದರೆ ಹಳೆಯ ಪುಸ್ತಕವನ್ನು ಅಂಚೆಯಲ್ಲಿ ಕಳಿಸಿ ನವೀಕರಿಸಿಕೊಳ್ಳಬಹುದು. ಮಕ್ಕಳದಕ್ಕೆ ನವೀಕರಣವೇ ಇಲ್ಲ. ಪ್ರತಿ ಸಲವೂ ಹೊಸದಾಗಿ ಅರ್ಜಿ ಹಾಕಬೇಕು. ಮಗು ಎದುರಿಗಿರಬೇಕು, ತಂದೆತಾಯಿ ಇಬ್ಬರೂ ಬರಬೇಕು.

ಅರ್ಜಿ ಎಲ್ಲಿ ಕೊಡಬೇಕು? ದೊಡ್ಡ ನಗರಕ್ಕೆ ಹೋಗಬೇಕೇನೋ ಅಂದುಕೊಂಡಿದ್ದೆ. ಬೇಕಿಲ್ಲವಂತೆ. ಪಾಸ್‌ಪೋರ್ಟ್ ಕೊಡುವುದು ಅಲ್ಲಿನ ವಿದೇಶಾಂಗ ಇಲಾಖೆಯಾದರೂ, ಅರ್ಜಿ ಪರಿಶೀಲಿಸಿ ತೆಗೆದುಕೊಳ್ಳುವ ಕೆಲಸವನ್ನು ಸಾವಿರಾರು ಅಂಚೆ ಕಚೇರಿಗಳಿಗೆ, ಕೆಲವು ಕಡೆ ಗ್ರಂಥಾಲಯಗಳಿಗೆ ಮತ್ತು ಕೌಂಟಿ ಕಚೇರಿಗಳಿಗೆ ವಹಿಸಿದ್ದಾರೆ. ಕೌಂಟಿ ಅಂದರೆ ನಮ್ಮ ತಾಲ್ಲೂಕಿನ ಹಾಗೆ. ನಮ್ಮಲ್ಲೂ 2017ರಿಂದ ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಬಂದಿವೆ. ಮೊದಲು ಶುರುವಾದ ಎರಡರಲ್ಲಿ ನಮ್ಮ ಮೈಸೂರಿನದೂ ಒಂದು. ಅಂಚೆ ಕಚೇರಿ ಎಂದ ಕೂಡಲೇ ನನಗೆ ಅರ್ಧ ಧೈರ್ಯ ಬಂತು.

ಮೊದಲು ಫೋಟೋ. ಅಮೆರಿಕದ ಪಾಸ್‌ಪೋರ್ಟ್ ಫೋಟೋ ಎರಡಿಂಚು ಅಗಲ, ಎರಡಿಂಚು ಉದ್ದದ ಚೌಕ. ಹಿನ್ನೆಲೆ ಬಿಳಿ. ಕನ್ನಡಕ ಹಾಕುವಂತಿಲ್ಲ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ಪುಟ್ಟಿಗೆ ಆ ವಾರವಷ್ಟೇ ಮುಂದಿನ ಹಲ್ಲು ಬಿದ್ದಿತ್ತು. ಆ ಕಿಂಡಿಯನ್ನು ಕಂಡಕಂಡವರಿಗೆಲ್ಲ ತೋರಿಸುತ್ತಿದ್ದ ಹುಡುಗಿಗೆ ಬಾಯಿ ಮುಚ್ಚು ಅಂದರೆ ಹೇಗೆ? ಐದಾರು ಸಲ ತೆಗೆದ ಮೇಲೆ ಒಂದು ಫೋಟೋ ಸರಿಯಾಯಿತು. ಅದರಲ್ಲಿ ಅವಳು ಲೆಕ್ಕ ತಪ್ಪಿದ ಮ್ಯಾನೇಜರಿನ ಹಾಗೆ ಮುಖ ಬಿಗಿದುಕೊಂಡಿದ್ದಳು.

ಆಮೇಲೆ ಅರ್ಜಿ. ಅದರ ಹೆಸರು ಡಿಎಸ್-11. ಸೊಸೆ ಕೆಲಸಕ್ಕೆ ಹೋಗುವವಳು. ಮಗ ಬೇರೊಂದು ರಾಜ್ಯಕ್ಕೆ ಎರಡು ವಾರದ ಕೆಲಸದ ಮೇಲೆ ಹೋಗಿದ್ದ. “ನಾನು ತುಂಬುತ್ತೇನೆ ಬಿಡಮ್ಮ, ಇದೇ ನನ್ನ ಕಸುಬು” ಎಂದು ಕಪ್ಪು ಶಾಯಿಯ ಪೆನ್ನು ಹಿಡಿದು ಕೂತೆ. ಒಂದೂ ಚಿತ್ತಿಲ್ಲದೆ ದುಂಡಗೆ ಬರೆದೆ. ಸೊಸೆಯಿಂದ ರಾತ್ರಿಯೇ ಸಹಿಯನ್ನೂ ಹಾಕಿಸಿ ಲಕೋಟೆಗೆ ಸೇರಿಸಿದೆ. ಮಗ ತಾನು ಬರಲಾಗುವುದಿಲ್ಲವೆಂದೂ ಮಗಳ ಪಾಸ್‌ಪೋರ್ಟ್‌ಗೆ ತನ್ನ ಒಪ್ಪಿಗೆಯಿದೆಯೆಂದೂ ಒಂದು ಪತ್ರ ಬರೆದು, ಸಹಿ ಮಾಡಿ, ಫೋಟೋ ಹೊಡೆದು ಇಮೇಲಿನಲ್ಲಿ ಕಳಿಸಿದ. ಅದನ್ನೂ ಮುದ್ರಿಸಿ ಇಟ್ಟುಕೊಂಡೆವು.

ಸೆಪ್ಟೆಂಬರ್ 10ರ ಮಂಗಳವಾರ ನಮಗೆ ಸಮಯ ಗೊತ್ತಾಗಿತ್ತು. ಕೌಂಟರಿನಲ್ಲಿದ್ದವರು ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅರ್ಜಿ ನೋಡಿದರು. ಆ ನೋಟ ನನಗೆ ಚೆನ್ನಾಗಿ ಪರಿಚಯ. ನಾನೂ ಹಾಗೇ ನೋಡುತ್ತಿದ್ದೆ.

“ಓ! ಜುಲೈ ನಾಲ್ಕರಂದು ಹುಟ್ಟಿದವಳಾ? ಇಡೀ ದೇಶವೇ ನಿನಗಾಗಿ ಪಟಾಕಿ ಹೊಡೆಯುತ್ತದೆ!” ಎಂದು ಪುಟ್ಟಿಯನ್ನು ನೋಡಿ ನಕ್ಕರು. ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ.

ಪುಟ್ಟಿ ತಲೆಯಾಡಿಸಿದಳು. “ಇಲ್ಲ, ನಾನು ಏಪ್ರಿಲ್ ಏಳು.”

ನನಗೆ ಮೈ ಬಿಸಿಯಾಯಿತು. ಏಪ್ರಿಲ್ 7, 2016 ಅನ್ನು ನಾನು ನಮ್ಮ ರೂಢಿಯಂತೆ 07-04-2016 ಎಂದು ಬರೆದಿದ್ದೆ. ನಮ್ಮಲ್ಲಿ ಮೊದಲು ದಿನ, ಆಮೇಲೆ ತಿಂಗಳು. ಅಮೆರಿಕದವರಿಗೆ ಮೊದಲು ತಿಂಗಳು, ಆಮೇಲೆ ದಿನ. ಮಕ್ಕಳೇ, ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ದಿನದ ಅಂಕಿ ಹನ್ನೆರಡು ದಾಟಿದ್ದರೆ ತಪ್ಪು ಕೂಡಲೇ ಗೊತ್ತಾಗುತ್ತದೆ, ಯಾಕೆಂದರೆ ಹದಿಮೂರನೆಯ ತಿಂಗಳು ಇಲ್ಲ. ಹನ್ನೆರಡರ ಒಳಗಿದ್ದರೆ ಮಾತ್ರ ತಪ್ಪು ತಾರೀಕೂ ಸರಿಯಾದ ತಾರೀಕಿನ ಹಾಗೇ ಕಾಣುತ್ತದೆ. ನನ್ನ ತಪ್ಪು ಅಂಥದ್ದು. ಜನನ ಪತ್ರದೊಂದಿಗೆ ತಾಳೆ ನೋಡುವಾಗ ಹೇಗೂ ಸಿಕ್ಕಿಬೀಳುತ್ತಿತ್ತು ಅನ್ನಿ. ಆದರೆ ಹಿಡಿದುಕೊಟ್ಟದ್ದು ಪುಟ್ಟಿಯೇ.

ಎರಡನೆಯದು ಸಹಿ. ಅರ್ಜಿಯಲ್ಲೇ ಅಚ್ಚಾಗಿತ್ತು: ಅಧಿಕಾರಿ ಹೇಳುವ ತನಕ ಸಹಿ ಹಾಕಬೇಡಿ. ಸಹಿ ಮಾಡುವುದನ್ನು ಅವರು ಕಣ್ಣಾರೆ ನೋಡಬೇಕು. ಬ್ಯಾಂಕಿನಲ್ಲಿ ನಾನು ಇದೇ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. “ಮನೇಲಿ ಯಾಕೆ ಹೆಬ್ಬೆಟ್ಟು ಒತ್ಕೊಂಡ್ ಬಂದ್ರಿ? ನನ್ನ ಮುಂದೆ ಒತ್ತಬೇಕು!” ಅಂತ.

ಈ ಎರಡೂ ತಪ್ಪಿಗೆ ಆ ಹೆಂಗಸು ಬೇಸರ ಪಡಲಿಲ್ಲ. ಹೊಸ ಅರ್ಜಿ ಕೊಟ್ಟು, “ಪರವಾಗಿಲ್ಲ, ಇಲ್ಲೇ ಬರೆಯಿರಿ” ಅಂದರು. ಆದರೆ ಮೂರನೆಯದಕ್ಕೆ ತಲೆಯಾಡಿಸಿಬಿಟ್ಟರು. ತಂದೆ ಬರಲಾಗದಿದ್ದರೆ ಡಿಎಸ್-3053 ಎಂಬ ಬೇರೆ ನಮೂನೆಯಲ್ಲಿ ಒಪ್ಪಿಗೆ ಬರೆದು, ನೋಟರಿಯ ಎದುರು ಸಹಿ ಹಾಕಿ, ಮೂಲ ಪ್ರತಿಯನ್ನೇ ಕಳಿಸಬೇಕು. ಜೊತೆಗೆ ಗುರುತಿನ ಚೀಟಿಯ ನಕಲು. ಇಮೇಲಿನ ಪತ್ರ ನಡೆಯುವುದಿಲ್ಲ.

ನಾನು ಸುಮ್ಮನಿರಲಾರದೆ ಅಂದೆ, “ನಾನು ಹುಡುಗಿಯ ತಾತ. ತಂದೆಯ ತಂದೆ. ಬೇಕಾದರೆ ನಾನು ಸಹಿ ಹಾಕುತ್ತೇನೆ. ನನ್ನ ಪಾಸ್‌ಪೋರ್ಟ್ ಇಲ್ಲೇ ಇದೆ.”

“ಸಾರಿ ಸರ್. ತಾತನ ಸಹಿಗೆ ಇದರಲ್ಲಿ ಜಾಗವಿಲ್ಲ” ಅಂದರು. ಮೆತ್ತಗೇ ಅಂದರು. ಆದರೂ ಚುಚ್ಚಿತು. ಒಂದು ಕಾಲದಲ್ಲಿ ನನ್ನ ಪುಟ್ಟ ಸಹಿ ಬಿದ್ದರೆ ಲಕ್ಷಗಟ್ಟಲೆ ರೂಪಾಯಿ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಈಗ ಸ್ವಂತ ಮೊಮ್ಮಗಳ ಅರ್ಜಿಯ ಮೇಲೆ ಅದು ಬರೀ ಗೀಚು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅಕ್ಟೋಬರ್ 5ಕ್ಕೆ ಇಪ್ಪತ್ತೈದೇ ದಿನ ಉಳಿದಿತ್ತು.

ರಾತ್ರಿ ಸೊಸೆ ಆ ನಿಯಮದ ಕಾರಣ ಓದಿ ಹೇಳಿದಳು. ಗಂಡ ಹೆಂಡತಿ ಜಗಳವಾಡಿ, ಒಬ್ಬರಿಗೆ ಗೊತ್ತಿಲ್ಲದಂತೆ ಇನ್ನೊಬ್ಬರು ಮಗುವನ್ನು ಬೇರೆ ದೇಶಕ್ಕೆ ಕರೆದುಕೊಂಡು ಹೋಗಿಬಿಡುವ ಪ್ರಕರಣಗಳು ನಡೆಯುತ್ತವೆ. ಅದನ್ನು ತಡೆಯಲು 2001ರಿಂದ ಇಬ್ಬರ ಒಪ್ಪಿಗೆಯೂ ಕಡ್ಡಾಯ. ಯಾವುದೋ ಮನೆಯಲ್ಲಿ ಯಾರದೋ ತಾಯಿ ಖಾಲಿ ಹಾಸಿಗೆ ನೋಡಿಕೊಂಡು ಕೂತಿರುವುದನ್ನು ನೆನೆದೆ. ನಿಯಮದ ಮೇಲಿನ ಸಿಟ್ಟು ಇಳಿಯಿತು. ಅಮ್ಮನ ಚಿಂತೆ ಮಾತ್ರ ಇಳಿಯಲಿಲ್ಲ.

ಮಗನಿಗೆ ಫೋನ್ ಹೋಯಿತು. ಅಮೆರಿಕದಲ್ಲಿ ನೋಟರಿಯಾಗಲು ವಕೀಲನೇ ಆಗಿರಬೇಕೆಂದಿಲ್ಲ. ಬ್ಯಾಂಕಿನ ಸಾಮಾನ್ಯ ನೌಕರರೂ ನೋಟರಿಗಳಾಗಿರುತ್ತಾರೆ. ಮಗ ತಾನಿದ್ದ ಊರಿನ ಒಂದು ಬ್ಯಾಂಕಿಗೆ ಹೋಗಿ, ಅಲ್ಲಿನ ಗುಮಾಸ್ತೆಯ ಎದುರು ಸಹಿ ಹಾಕಿ, ಮುದ್ರೆ ಒತ್ತಿಸಿಕೊಂಡು ಮೂಲ ಪ್ರತಿಯನ್ನು ಕೊರಿಯರಿನಲ್ಲಿ ಕಳಿಸಿದ. “ಕೊನೆಗೂ ಕೆಲಸ ಮಾಡಿಕೊಟ್ಟಿದ್ದು ನಿಮ್ಮ ಬ್ಯಾಂಕಿನವರೇ ನೋಡಪ್ಪ” ಎಂದು ಫೋನಿನಲ್ಲಿ ಸಮಾಧಾನ ಹೇಳಿದ. ಅಂಚೆ ಕಚೇರಿಯಲ್ಲಿ ಮತ್ತೆ ಸಮಯ ಸಿಕ್ಕಿದ್ದು 16ನೇ ತಾರೀಕಿನ ಸೋಮವಾರಕ್ಕೆ.

ನಡುವೆ ಐದು ದಿನ. ಮನೆಯಲ್ಲಿ ಕೂತರೆ ಫೋನಿನ ಕಡೆಗೇ ಮನಸ್ಸು. ಶಾಲೆ ಬಿಟ್ಟ ಮೇಲೆ ಪುಟ್ಟಿ, “ಬಾ ತಾತ, ನಿಂಗೆ ನಮ್ಮೂರು ತೋರಿಸ್ತೀನಿ” ಎಂದು ಕೈ ಹಿಡಿದು ಎಳೆದಳು. ಸೊಸೆ ಪೇಟೆಯ ನಡುವೆ ನಮ್ಮನ್ನು ಇಳಿಸಿ ಹೋಗುತ್ತಿದ್ದಳು. ಮೂರು ತಿಂಗಳಿಂದ ಆ ಊರಿನಲ್ಲಿದ್ದೂ ನಾನು ನೋಡಿದ್ದು ದಿನಸಿ ಅಂಗಡಿಯನ್ನೇ.

ಈ ಊರು ಕಟ್ಟಡಗಳಿಗೆ ಹೆಸರುವಾಸಿ. 1991ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಕಟ್ಟಡಗಳ ಹೊಸತನದಲ್ಲಿ ದೇಶದ ನಗರಗಳ ಪಟ್ಟಿ ಮಾಡಿದಾಗ ಷಿಕಾಗೋ, ನ್ಯೂಯಾರ್ಕ್‌ಗಳಿದ್ದ ಸಾಲಿನಲ್ಲಿ ಈ ಪುಟ್ಟ ಊರಿಗೆ ಆರನೆಯ ಸ್ಥಾನ ಬಂತು. ಕಾರಣ ಜೆ. ಇರ್ವಿನ್ ಮಿಲ್ಲರ್ ಎಂಬ ಒಬ್ಬ ಮನುಷ್ಯ. ಕಮಿನ್ಸ್ ಕಂಪನಿಯನ್ನು ನಡೆಸುತ್ತಿದ್ದವರು. ಊರಿನಲ್ಲಿ ಮಕ್ಕಳು ಹೆಚ್ಚಾಗಿ ಹೊಸ ಶಾಲೆಗಳು ಬೇಕಾದಾಗ ಅವರು ಊರಿನವರ ಮುಂದೆ ಒಂದು ಮಾತು ಇಟ್ಟರು: ನಾವು ಕೊಡುವ ಪಟ್ಟಿಯಿಂದ ಒಳ್ಳೆಯ ವಾಸ್ತುಶಿಲ್ಪಿಯನ್ನು ಆರಿಸಿಕೊಳ್ಳಿ, ಅವರ ಶುಲ್ಕ ನಮ್ಮ ಪ್ರತಿಷ್ಠಾನದ್ದು. ಆ ಏರ್ಪಾಟಿನ ಮೊದಲ ಕಟ್ಟಡ 1957ರಲ್ಲಿ ಎದ್ದ ಒಂದು ಪ್ರಾಥಮಿಕ ಶಾಲೆ. ಆಮೇಲೆ ಇನ್ನಷ್ಟು ಶಾಲೆಗಳು, ಅಗ್ನಿಶಾಮಕ ಠಾಣೆಗಳು ಹೀಗೇ ಬೆಳೆದವು.

ಪುಟ್ಟಿ ಮೊದಲು ತೋರಿಸಿದ್ದು ಗ್ರಂಥಾಲಯ. ಕೆಂಪು ಇಟ್ಟಿಗೆಯ ಆ ಕಟ್ಟಡ 1969ರದ್ದು. ರೂಪಿಸಿದವರು ಐ. ಎಂ. ಪೇ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ಗಾಜಿನ ಪಿರಮಿಡ್ ಕಟ್ಟಿದವರೂ ಅವರೇ. ಮುಂದಿನ ಅಂಗಳದಲ್ಲಿ ಹೆನ್ರಿ ಮೂರ್ ಎಂಬ ಇಂಗ್ಲಿಷ್ ಶಿಲ್ಪಿಯ ಕಂಚಿನ ಕಮಾನು ನಿಂತಿದೆ, ಇಪ್ಪತ್ತು ಅಡಿ ಎತ್ತರ. ದೊಡ್ಡವರು ದೂರ ನಿಂತು ನೋಡುತ್ತಾರೆ. ಪುಟ್ಟಿ ಅದರ ಕಾಲ ನಡುವೆ ನುಗ್ಗಿ ಓಡುತ್ತಾಳೆ. ರಸ್ತೆಯ ಆಚೆ ಒಂದು ಚರ್ಚು, ಪಕ್ಕದಲ್ಲಿ ಚೌಕಾಕಾರದ ಎತ್ತರದ ಗೋಪುರ. 1942ರಲ್ಲಿ ಅದನ್ನು ಕಟ್ಟಿದವರು ಎಲಿಯೆಲ್ ಸಾರಿನೆನ್.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಅವರ ಮಗ ಈರೋ ಸಾರಿನೆನ್ 1954ರಲ್ಲಿ ಕಟ್ಟಿದ ಬ್ಯಾಂಕು. ನಾನು ಅಲ್ಲಿ ನಿಂತವನು ಅಲ್ಲಾಡಲಿಲ್ಲ. ಒಂದೇ ಅಂತಸ್ತು, ಸುತ್ತಲೂ ಗಾಜಿನ ಗೋಡೆ, ಮಾಡಿನ ಮೇಲೆ ಬೋರಲು ಹಾಕಿದ ಬಟ್ಟಲುಗಳ ಹಾಗೆ ಒಂಬತ್ತು ಗುಮ್ಮಟ. ಆಗಿನ ಬ್ಯಾಂಕುಗಳೆಂದರೆ ಕೋಟೆಯಂಥ ಕಂಬಗಳು, ಕಬ್ಬಿಣದ ಸರಳುಗಳ ಹಿಂದೆ ಗುಮಾಸ್ತ. ಈರೋ ಸರಳುಗಳನ್ನು ತೆಗೆದೇಬಿಟ್ಟರು. ಒಳಗೆ ಯಾರು ಏನು ಮಾಡುತ್ತಿದ್ದಾರೆಂದು ರಸ್ತೆಯಲ್ಲಿ ಹೋಗುವವರಿಗೂ ಕಾಣಬೇಕು, ಒಳಗೆ ಬಂದ ರೈತ ಅಂಜಬಾರದು. ನಾನು ಕೆಲಸಕ್ಕೆ ಸೇರಿದ್ದು ಅದಕ್ಕಿಂತ ಹತ್ತೊಂಬತ್ತು ವರ್ಷ ಈಚೆ, 1973ರಲ್ಲಿ. ಆಗಲೂ ನಾನು ಕೂತದ್ದು ತಂತಿ ಬಲೆಯ ಹಿಂದೆ. ಪೆಚ್ಚುಮೋರೆ ಹಾಕಿಕೊಂಡು ಹೋದವರೆಲ್ಲ ಬಲೆಯ ಆಚೆಯಿಂದ ನೆನಪಾದರು. ಈಗ ಆ ಬ್ಯಾಂಕು ಇಲ್ಲ, ಕಟ್ಟಡ ಸಭಾಭವನವಾಗಿದೆ.

“ತಾತ, ಇವರೆಲ್ಲ ನಮ್ಮೂರಿನವರಾ?” ಎಂದು ಪುಟ್ಟಿ ಕೇಳಿದಳು. ಅಲ್ಲ ಅಂದೆ. ಸಾರಿನೆನ್ ಕುಟುಂಬ ಬಂದದ್ದು ಫಿನ್‌ಲೆಂಡ್‌ನಿಂದ, 1923ರಲ್ಲಿ. ಆಗ ಈರೋಗೆ ವಯಸ್ಸು ಹನ್ನೆರಡೋ ಹದಿಮೂರೋ. ಪೇ ಹುಟ್ಟಿದ್ದು ಚೀನಾದಲ್ಲಿ. ಅದೇ ಬೀದಿಯಲ್ಲಿ 1900ರಿಂದ ಇರುವ ಝಹರಾಕೋಸ್ ಐಸ್‌ಕ್ರೀಮ್ ಅಂಗಡಿಯನ್ನು ತೆರೆದವರು ಗ್ರೀಸ್‌ನಿಂದ ಬಂದ ಅಣ್ಣತಮ್ಮಂದಿರು. ನನಗೆ ಸಕ್ಕರೆ ಕಾಯಿಲೆ. ಆದರೂ ಆ ಮಾತಿನ ನೆಪದಲ್ಲಿ ಪುಟ್ಟಿಯ ತಟ್ಟೆಯಿಂದ ಎರಡು ಚಮಚ ತಿಂದೆ. ಮನೆಯಲ್ಲಿ ಹೇಳಕೂಡದೆಂದು ಒಪ್ಪಂದವಾಯಿತು.

ಅಲ್ಲೇ ಕೂತು ಅವಳು ಇನ್ನೊಂದು ಪ್ರಶ್ನೆ ಹಾಕಿದಳು. “ನನ್ನ ಪಾಸ್‌ಪೋರ್ಟೂ ನೀಲಿ, ನಿಂದೂ ನೀಲಿ. ನಂದ್ರಲ್ಲಿ ಹದ್ದು ಇದೆ, ನಿಂದ್ರಲ್ಲಿ ಸಿಂಹ. ನಾವು ಬೇರೆ ಬೇರೆ ತಂಡಾನಾ?”

ನಮ್ಮದರ ಮೇಲೆ ಸಾರನಾಥದ ಅಶೋಕ ಸ್ತಂಭದ ಸಿಂಹಗಳು, ಅವರದರ ಮೇಲೆ ಬೋಳುತಲೆ ಹದ್ದು. ಹೇಗೆ ಉತ್ತರ ಹೇಳುವುದು? “ತಂಡ ಅಲ್ಲ ಪುಟ್ಟಿ. ಪಾಸ್‌ಪೋರ್ಟ್ ಅಂದ್ರೆ ನಮ್ಮ ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ. ಖಾತೆ ಯಾವ ಶಾಖೇಲಿದೆ ಅಂತ ಹೇಳುತ್ತೆ, ಅಷ್ಟೇ. ನಿನ್ನ ಖಾತೆ ಈ ಶಾಖೇಲಿ, ನಂದು ಆ ಶಾಖೇಲಿ. ಮನೆ ಒಂದೇ.” ಅವಳಿಗೆ ಎಷ್ಟು ಅರ್ಥವಾಯಿತೋ ಕಾಣೆ. ಪಾಸ್‌ಬುಕ್ ಅಂದರೇನು ಎಂದು ಕೇಳಿದಳು.

ಸೋಮವಾರ ಮತ್ತೆ ಅದೇ ಕೌಂಟರು, ಅದೇ ಹೆಂಗಸು. ಈ ಸಲ ಅರ್ಜಿ ಬರೆದವಳು ಸೊಸೆ. ಕಾಗದಗಳನ್ನು ಕ್ರಮವಾಗಿ ಜೋಡಿಸಿ ಕೊಟ್ಟದ್ದು ಮಾತ್ರ ನಾನು: ಅರ್ಜಿ, ಜನನ ಪತ್ರದ ಮೂಲ ಮತ್ತು ನಕಲು, ಹಳೆಯ ಪಾಸ್‌ಪೋರ್ಟ್, ಸೊಸೆಯ ಗುರುತಿನ ಚೀಟಿ, ಅದರ ಎರಡೂ ಬದಿಯ ನಕಲು, ಮಗನ ಒಪ್ಪಿಗೆ, ಫೋಟೋ. “ಇಷ್ಟು ಅಚ್ಚುಕಟ್ಟಾಗಿ ಯಾರೂ ತರುವುದಿಲ್ಲ” ಅಂದರು ಆಕೆ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಆಮೇಲೆ ಆಕೆ ಸೊಸೆಗೆ ಬಲಗೈ ಎತ್ತಲು ಹೇಳಿದರು. ಬರೆದದ್ದೆಲ್ಲ ನಿಜವೆಂದು ಪ್ರಮಾಣ ಮಾಡಬೇಕು. ಅಂಚೆಚೀಟಿ ಮಾರುವ ಜಾಗದಲ್ಲಿ, ಪಾರ್ಸೆಲ್ ಹಿಡಿದು ನಿಂತವರ ಮಧ್ಯೆ ಸೊಸೆ ಕೈ ಎತ್ತಿ ಪ್ರಮಾಣ ಮಾಡಿದಳು. ಪಕ್ಕದಲ್ಲಿ ಪುಟ್ಟಿ ಯಾರೂ ಹೇಳದೆ ತಾನೂ ಕೈ ಎತ್ತಿದ್ದಳು. ಅವಳ ಮುಖ ಆ ಫೋಟೋದಲ್ಲಿದ್ದ ಹಾಗೇ ಗಂಭೀರ. ಪ್ರಮಾಣದ ನಂತರ, ಆಕೆಯ ಕಣ್ಣೆದುರಿಗೆ, ಸಹಿ.

ಇನ್ನು ಹಣ. ಮಗುವಿನ ಪಾಸ್‌ಪೋರ್ಟ್‌ಗೆ 100 ಡಾಲರ್, ಬೇಗ ಬೇಕೆಂದರೆ ಮೇಲೆ 60. ಇದನ್ನು ವಿದೇಶಾಂಗ ಇಲಾಖೆಯ ಹೆಸರಿಗೆ ಚೆಕ್ಕಿನಲ್ಲೋ ಮನಿ ಆರ್ಡರಿನಲ್ಲೋ ಕೊಡಬೇಕು. ಅರ್ಜಿ ತೆಗೆದುಕೊಳ್ಳುವ ಅಂಚೆ ಕಚೇರಿಗೆ ಬೇರೆ 35. ಒಟ್ಟು 195 ಡಾಲರ್. ಆಗಿನ ಲೆಕ್ಕದಲ್ಲಿ ಹದಿನಾರು ಸಾವಿರ ರೂಪಾಯಿಗೂ ಹೆಚ್ಚು. ನಮ್ಮಲ್ಲಿ ದೊಡ್ಡವರ 36 ಪುಟದ ಪಾಸ್‌ಪೋರ್ಟ್‌ಗೆ 1,500 ರೂಪಾಯಿ ಎಂದು ಮನಸ್ಸಿನಲ್ಲೇ ಹೋಲಿಸಿ ನೋಡಿದೆ. ಆದರೂ ಕಾರ್ಡು, ಫೋನು ಉಜ್ಜಿ ಕಾಫಿ ಕುಡಿಯುವ ದೇಶದಲ್ಲಿ ಪಾಸ್‌ಪೋರ್ಟ್‌ಗೆ ಚೆಕ್ಕು ಕೇಳುತ್ತಾರೆನ್ನುವುದು ತಿಳಿದು ಹಳೆಯ ಗೆಳೆಯ ಸಿಕ್ಕಷ್ಟು ಖುಷಿಯಾಯಿತು. ಸೊಸೆ ಬರೆದಳು. ಅಂಕಿ, ಅಕ್ಷರ, ತಾರೀಕು, ಸಹಿ ನಾನು ತಾಳೆ ನೋಡಿದೆ. ಸರಿಯಿತ್ತು.

ಒಂದೇ ಸಂಗತಿ ಮನಸ್ಸಿಗೆ ಒಗ್ಗಲಿಲ್ಲ. ಜನನ ಪತ್ರದ ಮೂಲ ಪ್ರತಿಯೂ ಅರ್ಜಿಯ ಜೊತೆ ಹೋಗುತ್ತದೆ. ಪಾಸ್‌ಪೋರ್ಟ್ ಒಂದು ಲಕೋಟೆಯಲ್ಲಿ, ಇದು ಇನ್ನೊಂದರಲ್ಲಿ ಬೇರೆ ಬೇರೆ ದಿನ ವಾಪಸು ಬರುತ್ತವಂತೆ. ಮೂಲ ಪ್ರತಿಯನ್ನು ಕೈಬಿಡುವುದೆಂದರೆ ಬ್ಯಾಂಕಿನವರಿಗೆ ಹೊಟ್ಟೆ ಹಿಂಡಿದ ಹಾಗೆ. ನನ್ನ ಮುಖ ನೋಡಿ ಆಕೆ, “ಬರುತ್ತದೆ ಸರ್” ಅಂದರು. ಲಕೋಟೆ ಮುಚ್ಚಿದರು. ಇನ್ನು ಎರಡು ಮೂರು ವಾರ. ಪೊಲೀಸರು ಮನೆಗೆ ಬಂದು ವಿಚಾರಿಸುವ ಪದ್ಧತಿ ಅಲ್ಲಿಲ್ಲ. ಕಾಯುವುದಷ್ಟೇ ಕೆಲಸ.

ಸೆಪ್ಟೆಂಬರ್ ಕಳೆಯುತ್ತ ಮೇಪಲ್ ಮರಗಳ ತುದಿ ಕೆಂಪಾಯಿತು, ಜೋಳದ ಹೊಲಗಳು ಒಣಗಿದವು. ಇಲ್ಲಿ ಅಂಚೆಯವರು ಬಾಗಿಲಿಗೆ ಬಂದು ಕೂಗುವುದಿಲ್ಲ. ರಸ್ತೆ ಅಂಚಿನಲ್ಲಿ ಕಂಬದ ಮೇಲಿನ ಡಬ್ಬಿಗೆ ಹಾಕಿ ಹೋಗುತ್ತಾರೆ. ಗಾಡಿಯಿಂದ ಇಳಿಯದೆಯೇ ಕೈ ಚಾಚಿ ಹಾಕಲು ಅನುಕೂಲವಾಗಲೆಂದು ಅಂಚೆ ಗಾಡಿಯ ಸ್ಟಿಯರಿಂಗ್ ಬಲಗಡೆಗಿರುತ್ತದೆ, ನಮ್ಮ ದೇಶದ ಗಾಡಿಗಳ ಹಾಗೆ! ಇಡೀ ಅಮೆರಿಕದಲ್ಲಿ ನಮ್ಮ ಕಡೆಯದೆಂದು ಅನ್ನಿಸುವ ಆ ಬಿಳಿ ಗಾಡಿಯನ್ನು ನಾನು ಪ್ರತಿ ಮಧ್ಯಾಹ್ನ ಕಿಟಕಿಯಲ್ಲಿ ಕೂತು ಕಾಯುತ್ತಿದ್ದೆ. ಅತ್ತ ಅಮ್ಮ ಊಟ ಕಡಿಮೆ ಮಾಡಿದ್ದಾರೆಂದು ತಮ್ಮ ಹೇಳುತ್ತಿದ್ದ. “ಪಾಸ್‌ಪೋರ್ಟ್ ಅಂದ್ರೆ ಬಸ್ ಟಿಕೇಟ್ ಥರಾನಾ? ಕಂಡಕ್ಟರ್‌ನ ಕೇಳಿದ್ರೆ ಕೊಡಲ್ವಾ?” ಎಂದು ಅಮ್ಮ ವಿಚಾರಿಸಿದರಂತೆ.

ಸೆಪ್ಟೆಂಬರ್ 30 ಆಯಿತು, ಬರಲಿಲ್ಲ. ಅಕ್ಟೋಬರ್ 1, ಬರಲಿಲ್ಲ. ಮಗ ಊರಿಗೆ ವಾಪಸಾಗಿದ್ದ. ಬರದೇ ಹೋದರೆ ನೀವಿಬ್ಬರೂ ಹೊರಡಿ, ನಾವು ಆಮೇಲೆ ಬರುತ್ತೇವೆ ಎಂದು ಮೆಲ್ಲಗೆ ಹೇಳಿದ. ನಾನು ಉತ್ತರ ಕೊಡಲಿಲ್ಲ. ಅಕ್ಟೋಬರ್ 2, ಗಾಂಧಿ ಜಯಂತಿಯ ಮಧ್ಯಾಹ್ನ, ಬಲಗಡೆ ಸ್ಟಿಯರಿಂಗಿನ ಗಾಡಿ ಬಂದು ನಿಂತಿತು. ಪುಟ್ಟಿ ಶಾಲೆಯಲ್ಲಿದ್ದಳು. ನಾನು ಚಪ್ಪಲಿಯನ್ನೂ ಮೆಟ್ಟದೆ ಹೋದೆ. ಚಪ್ಪಟೆ ಲಕೋಟೆ, ಒಳಗೆ ಗಟ್ಟಿಯಾಗಿ ಪುಸ್ತಕ ಕೈಗೆ ಸಿಕ್ಕಿತು. ಅವಳೇ ತೆರೆಯಲಿ ಎಂದು ಸಂಜೆಯ ತನಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಪುಟ್ಟಿ ತೆರೆದಳು. ಹುಟ್ಟಿದ ದಿನ ಸರಿಯಾಗಿತ್ತು. ಅಲ್ಲಿ ತಿಂಗಳನ್ನು ಅಂಕಿಯಲ್ಲಲ್ಲ, ಅಕ್ಷರದಲ್ಲಿ ಅಚ್ಚುಮಾಡಿದ್ದರು. ಅದೇ ಬುದ್ಧಿ ನನಗೆ ಇದ್ದಿದ್ದರೆ! ಸಹಿಯ ಜಾಗದಲ್ಲಿ ಮಗುವಿನ ಹೆಸರು ಬರೆದು ಸೊಸೆ ತನ್ನ ಸಹಿ ಹಾಕಿದಳು. ಆಮೇಲೆ ಇನ್ನೊಂದು ಪುಟ ತಿರುಗಿಸಿ ಪೆನ್ಸಿಲ್ ನನ್ನ ಕೈಗೆ ಕೊಟ್ಟಳು.

“ಮಾವ, ತುರ್ತು ಸಮಯದಲ್ಲಿ ಯಾರಿಗೆ ತಿಳಿಸಬೇಕು ಅಂತ ಇಲ್ಲಿ ಬರೀಬೇಕು. ನಾವು ಹೋಗ್ತಿರೋದು ಭಾರತಕ್ಕೆ. ನಿಮ್ಮ ಹೆಸರು, ತಿಪಟೂರಿನ ವಿಳಾಸ ಬರೀರಿ.”

ಪೆನ್ಸಿಲ್‌ನಲ್ಲಿ ಬರೆಯುವುದು ಯಾಕೆಂದರೆ ವಿಳಾಸ ಬದಲಾದರೆ ಅಳಿಸಬಹುದಲ್ಲ. ನಾನು ದುಂಡಗೆ ಬರೆದೆ. ಕೈ ಸ್ವಲ್ಪ ನಡುಗಿತು. ಎರಡು ಸಲ ಓದಿ ತಾಳೆ ನೋಡಿದೆ.

ಪುಟ್ಟಿಗೆ ಮೊದಲೇ ಓಸಿಐ ಕಾರ್ಡು ಇತ್ತು. ಅದು ವಿದೇಶದ ಪೌರರಾದ ಭಾರತೀಯ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡು. ಬೇರೆ ವೀಸಾ ಬೇಕಿಲ್ಲ. ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಫೋಟೋವನ್ನು ಅದರ ಜಾಲತಾಣಕ್ಕೆ ಏರಿಸಿದ್ದಾಯಿತು. ಇದಕ್ಕೆ ಶುಲ್ಕವಿಲ್ಲ. ಶನಿವಾರ ಹೊರಟೆವು. ಜನನ ಪತ್ರ ನಾವು ಊರಲ್ಲಿದ್ದಾಗ ಬಂದು ಡಬ್ಬಿಯಲ್ಲಿ ಬಿದ್ದಿತ್ತೆಂದು ಪಕ್ಕದ ಮನೆಯವರು ತಿಳಿಸಿದರು. ಆಕೆ ಹೇಳಿದ್ದು ಸುಳ್ಳಾಗಲಿಲ್ಲ.

ತಿಪಟೂರಿನ ಮನೆಯಲ್ಲಿ ಅಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಪುಟ್ಟಿ ಸಂಕೋಚದಿಂದ ಬಾಗಿಲಲ್ಲೇ ನಿಂತಳು. ಐದು ವರ್ಷದ ಅಂತರ ನೋಡಿ. ಏನು ಮಾತಾಡುವುದೋ ತಿಳಿಯದೆ ಕೈಯಲ್ಲಿದ್ದ ನೀಲಿ ಪುಸ್ತಕವನ್ನೇ ಮುತ್ತಜ್ಜಿಯ ಮುಂದೆ ಹಿಡಿದಳು. ಅಮ್ಮ ಅದನ್ನು ಕಣ್ಣಿನ ಹತ್ತಿರ ತಂದು ಫೋಟೋ ನೋಡಿದರು.

“ಇದ್ಯಾಕೆ ಮಗು ಹೀಗೆ ಮುಖ ಊದಿಸ್ಕೊಂಡಿದೆ? ಯಾರು ಬೈದಿದ್ರು?”

“ಬಾಯಿ ತೆಗೀಬಾರ್ದು ಅಂದ್ರು ಮುತ್ತಜ್ಜಿ. ಹಲ್ಲು ಬಿದ್ದಿತ್ತು, ನೋಡು!” ಎಂದು ಪುಟ್ಟಿ ಬಾಯಿ ಅಗಲಿಸಿ ಕಿಂಡಿ ತೋರಿಸಿದಳು.

“ಅಷ್ಟೇನಾ? ನಂಗೆ ಒಂದೂ ಇಲ್ಲ” ಎಂದು ಅಮ್ಮನೂ ಬಾಯಿ ತೆರೆದು ತೋರಿಸಿದರು. ಇಬ್ಬರೂ ನಗುತ್ತಲೇ ಇದ್ದರು. ಅಮ್ಮನ ಕೈ ಪುಟ್ಟಿಯ ಕೆನ್ನೆಯ ಮೇಲೆ ಬಂದು ಕೂತಿತು.

ಪುಟ್ಟಿಯ ಈ ಪುಸ್ತಕ ಐದು ವರ್ಷ ನಡೆಯುತ್ತದೆ. ಅದು ಮುಗಿಯುವ ಹೊತ್ತಿಗೆ ಅಮ್ಮನಿಗೆ ತೊಂಬತ್ತೆಂಟು, ನನಗೆ ಎಪ್ಪತ್ತೆಂಟು. ಮತ್ತೆ ಅರ್ಜಿ ಹಾಕಬೇಕಾದ ದಿನವನ್ನು ಈ ಸಲ ನನ್ನ ಡೈರಿಯ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡಿದ್ದೇನೆ, ತಿಂಗಳನ್ನು ಅಕ್ಷರದಲ್ಲಿ.